‘ಬರಂಗಿಲ್ಲ’ ಎಂದು ಬರೆದುಕೊಟ್ಟೆ

ಅರ್ಧ ಎನ್ನುವುದರಲ್ಲಿ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಅರ್ಧ ಬೆಂದ ಕಾಳು ಹೊಟ್ಟೆನೋವು ತರುತ್ತದೆ, ಅರ್ಧ ಕೇಳಿದ ಮಾತು ಜಗಳ ತರುತ್ತದೆ, ಕೊಟ್ಟೂರಿಗೆ ಹೊರಟ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತರೆ ಅತ್ತ ಕೊಟ್ಟೂರೂ ಇಲ್ಲ, ಇತ್ತ ಕೂಡ್ಲಿಗಿಯೂ ಇಲ್ಲ. ಹೀಗಿರುವಾಗ ಜರ್ಮನಿಯಲ್ಲಿ ನನ್ನ ಆರು ತಿಂಗಳ ಇಂಟರ್ನ್‌ಶಿಪ್ಪಿಗೆ ಮೂರು ತಿಂಗಳು ತುಂಬಿತೆಂದು ಇಲ್ಲಿಯವರು ಕೇಕು ತಂದು ಕೊಯ್ದಾಗ ನನಗೇನೂ ಸಂತೋಷವಾಗಲಿಲ್ಲ. ಹೊರಗೆ ಎರಡು ವಾರದಿಂದ ಬಿಸಿಲು ಬಿದ್ದಿರಲಿಲ್ಲ. ಕೇಕಿನ ಜೊತೆಗೆ ಒಂದು ಫಾರಂ ಕೂಡ ಕೊಟ್ಟರು. ಕೇಕು ಅರಗಿತು, ಫಾರಂ ಇನ್ನೂ ಅರಗಿಲ್ಲ.

ನಾನಿರುವುದು ಟ್ರ್ಯಾಕ್ಟರ್ ಇಂಜಿನ್ ಮಾಡುವ ಕಾರ್ಖಾನೆಯಲ್ಲಿ. ಮೊದಲ ಮೂರು ತಿಂಗಳು ಎಲ್ಲರಿಗೂ ಜೋಡಣೆ ಕೆಲಸ. ಆಮೇಲೆ ಕೆಲಸ ಬರುತ್ತದೆ ಅನ್ನಿಸಿದವರನ್ನು ಟೆಸ್ಟಿಂಗ್ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಹೊಸ ಇಂಜಿನ್ನನ್ನು ಮೊಟ್ಟಮೊದಲು ಚಾಲೂ ಮಾಡುವುದು ನಮ್ಮ ಕೈಯಿಂದಲೇ. ನಾನು ಇಷ್ಟು ದೂರ ಬಂದದ್ದೇ ಅದಕ್ಕೆ. ಆ ಮೊದಲ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸುತ್ತೇನೆಂದು ಮಾಬುಸಾಬ್ರಿಗೆ ಮಾತು ಕೊಟ್ಟಿದ್ದೆ.

ಮಾಬುಸಾಬ್ರು ಕೂಡ್ಲಿಗಿಯಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಇರುವ ಟ್ರ್ಯಾಕ್ಟರ್ ಗ್ಯಾರೇಜಿನ ಉಸ್ತಾದರು. ಇಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಡಿಗೆ ಕಿವಿ ಹಚ್ಚಿ, ಒಳಗೆ ಏನು ಕೆಟ್ಟಿದೆಯೆಂದು ಹೇಳುವವರು. ಶಾಲೆಗೆ ರಜೆ ಬಂದರೆ ನಾನು ಅಲ್ಲೇ ಇರುತ್ತಿದ್ದೆ. “ಮದಿವ್ಯಾಗ ನಿನಗ ಅರಿಷಿಣ ಹತ್ತಂಗಿಲ್ಲ ನೋಡು, ಮೊದಲು ಸೀಮಿಎಣ್ಣಿ ಹಚ್ಚಿ ತಿಕ್ಕಬೇಕು,” ಎಂದು ಅವ್ವ ನನ್ನ ಗ್ರೀಸು ಮೆತ್ತಿದ ಕೈ ನೋಡಿ ಬೈಯುತ್ತಿದ್ದಳು. ಗ್ಯಾರೇಜಿನಲ್ಲಿ ಒಂದೇ ಒಂದು ಕಾನೂನಿತ್ತು. ಉಸ್ತಾದರು ದಿನಕ್ಕೊಮ್ಮೆ ಕೇಳುವರು, “ಕಲ್ತೇನ್ ಬೇಟಿ?” ಅದಕ್ಕೆ ಉತ್ತರವೂ ಒಂದೇ. “ಎಲ್ಲಿ ಉಸ್ತಾದ್, ಇನ್ನೂ ಬರಂಗಿಲ್ಲ.” ಹಾಗೆಂದವರ ಕೈಗೆ ಮರುದಿನ ನಟ್ಟು ಬಿಗಿಯುವ ಇನ್ನೂ ದೊಡ್ಡ ಪಾನಾ ಸಿಗುತ್ತಿತ್ತು. ಏಳನೆಯ ತರಗತಿಯ ಬೇಸಿಗೆಯಲ್ಲಿ ನಾನು ಒಮ್ಮೆ ಜಂಬದಿಂದ “ಬರ್ತೈತ್ರಿ” ಅಂದುಬಿಟ್ಟೆ. ಅವರು ಬೈಯಲಿಲ್ಲ. ಕತ್ತರಿಸಿದ ಎಣ್ಣೆ ಡಬ್ಬಿಯೊಂದನ್ನು ಮುಂದಿಟ್ಟು, ಅರ್ಧಕ್ಕೆ ಡೀಸೆಲ್ ಸುರಿದು, ಒಂದು ಪುಟ್ಟಿ ನಟ್ಟು ಬೋಲ್ಟು ತಂದಿಟ್ಟರು. “ಇಂಜಿನ್ ಕೇಳಿಸ್ಕೊಂತೈತಿ ಬೇಟಿ. ಬರ್ತೈತಿ ಅಂದ್ಯೋ, ನಾಳಿ ಅದು ಸ್ಟಾರ್ಟ್ ಆಗಂಗಿಲ್ಲ,” ಅಂದರು. ಆ ರಜೆ ಪೂರ್ತಿ ನಟ್ಟು ತೊಳೆದೆ. ಇಟ್ಟಿಗಿ ಊರಿನ ಸೋದರತ್ತೆಯ ಮನೆಗೆ ಹೋದಾಗ ಡೀಸೆಲ್ ವಾಸನೆಗೆ ನನ್ನ ಪಕ್ಕದಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ.

ಈಗ ಫಾರಮ್ಮಿಗೆ ಬರುತ್ತೇನೆ. ಅದರಲ್ಲಿ ಹನ್ನೆರಡು ಪ್ರಶ್ನೆ. ಪ್ರತಿಯೊಂದು ಕೆಲಸಕ್ಕೂ ನನಗೆ ನಾನೇ ಐದಕ್ಕೆ ಎಷ್ಟೆಂದು ಅಂಕ ಕೊಟ್ಟುಕೊಳ್ಳಬೇಕು. ತನ್ನ ಪೇಪರನ್ನು ತಾನೇ ತಿದ್ದುವ ಈ ನಾಚಿಕೆಗೇಡಿನ ಕೆಲಸಕ್ಕೆ ನನ್ನ ಕೈ ಏಳಲಿಲ್ಲ. ನಿಜ ಹೇಳಬೇಕೆಂದರೆ ಜೋಡಣೆಯಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಪಕ್ಕದ ಮೇಜಿನ ಇಟಲಿಯ ಹುಡುಗ ಮಾರ್ಕೊ ವಾರಕ್ಕೆರಡು ಸಲ ತಾನು ಬಿಗಿದದ್ದನ್ನು ನನ್ನಿಂದಲೇ ಬಿಚ್ಚಿಸಿ ಮತ್ತೆ ಬಿಗಿಸಿಕೊಳ್ಳುತ್ತಿದ್ದ. ಆದರೂ ನಾನು ಒಂದು, ಎರಡು, ಒಂದು ಎಂದು ಬರೆಯುತ್ತ ಹೋದೆ. ಕೊನೆಯಲ್ಲಿ ‘ಇನ್ನೂ ಕಲಿಯುವುದು ಬಹಳ ಇದೆ’ ಎಂದು ಸೇರಿಸಿದೆ. ಮಾರ್ಕೊ ಎಲ್ಲಕ್ಕೂ ಐದು ಹಾಕಿ ಶಿಳ್ಳೆ ಹೊಡೆಯುತ್ತ ಎದ್ದುಹೋದ. ಪಾಪ, ಇವನ ಗತಿ ಡಬ್ಬಿಯೇ ಎಂದು ನನಗೆ ಒಳಗೊಳಗೇ ಕನಿಕರವಾಯಿತು.

ಮರುದಿನ ನಮ್ಮ ಮೇಲಧಿಕಾರಿ ಗಿಸೆಲಾ ಎಂಬಾಕೆ ಕರೆದು ಎದುರು ಕೂರಿಸಿದಳು. ಒಳ್ಳೆಯ ಹೆಂಗಸು. “ನಿನ್ನ ಕೆಲಸ ನೋಡಿ ನಾನು ಬೇರೆಯೇ ಅಂದುಕೊಂಡಿದ್ದೆ. ಬರುವುದಿಲ್ಲವೆಂದು ನೀನೇ ಹೇಳಿದ್ದು ಒಳ್ಳೆಯದಾಯಿತು. ಟೆಸ್ಟಿಂಗ್‌ಗೆ ಮಾರ್ಕೊ ಹೋಗಲಿ. ನೀನು ಬುಡದಿಂದ ಶುರು ಮಾಡು,” ಅಂದಳು. ನಮ್ಮಲ್ಲಿ ಊಟಕ್ಕೆ ಕೂತವರು “ಸಾಕ್ರಿ, ಸಾಕ್ರಿ” ಅನ್ನುತ್ತಾರೆ, ಬಡಿಸುವವರು ಕೇಳದೆ ಇನ್ನೊಂದು ಹೋಳಿಗೆ ಹಾಕುತ್ತಾರೆ. ಸಾಕು ಅಂದವರ ಮುಂದಿನಿಂದ ಎಲೆಯನ್ನೇ ಎತ್ತಿಕೊಂಡು ಹೋಗುವುದನ್ನು ನಾನು ಅಂದೇ ಮೊದಲು ಕಂಡದ್ದು. ಹಾಗಲ್ಲ, ನನಗೆ ಬರುತ್ತದೆ ಎಂದು ಆಗಲಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು “ಥ್ಯಾಂಕ್ಯೂ.” ತುಂಬಿದ ಕೊಡ ತುಳುಕುವುದಿಲ್ಲ ಎಂದು ಕಲಿತು ಬಂದವಳು ನಾನು. ತುಳುಕದ ಕೊಡವನ್ನು ಖಾಲಿಯೆಂದು ಬೋರಲು ಹಾಕುತ್ತಾರೆಂದು ಯಾರೂ ಹೇಳಿರಲಿಲ್ಲ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬುಡ ಎಂದರೆ ಬಿಡಿಭಾಗ ತೊಳೆಯುವ ವಿಭಾಗ. ಇಲ್ಲಿ ಡಬ್ಬಿಯಿಲ್ಲ, ಉಕ್ಕಿನ ತೊಟ್ಟಿಯಿದೆ. ಡೀಸೆಲ್ ಇಲ್ಲ, ನಿಂಬೆ ವಾಸನೆಯ ಏನೋ ದ್ರಾವಣವಿದೆ. ನಟ್ಟು ಮಾತ್ರ ನಟ್ಟೇ. ಪಾಸ್‌ಪೋರ್ಟು ಮಾಡಿಸಿ, ವೀಸಾಕ್ಕೆ ಅಲೆದು, ಎರಡು ವಿಮಾನ ಬದಲಿಸಿ ನಾನು ಏಳನೆಯ ತರಗತಿಯ ಬೇಸಿಗೆ ರಜೆಗೆ ಬಂದು ತಲುಪಿದ್ದೆ. ಗಾಜಿನ ಗೋಡೆಯ ಆಚೆ ಮಾರ್ಕೊ ಇಂಜಿನ್ ಚಾಲೂ ಮಾಡುವುದು ಕಾಣುತ್ತದೆ. ಸದ್ದು ಮಾತ್ರ ಈಚೆ ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಉಸ್ತಾದರ ಫೋನು ಬಂತು. ಅವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೆಲ್ಲ “ನಮ್ ಹುಡುಗಿ ಜರ್ಮನಿಯಾಗ ಇಂಜಿನ್ ಚಾಲೂ ಮಾಡಾಕ ಹೋಗ್ಯಾಳ” ಎಂದು ಹೇಳಿಕೊಂಡು ತಿರುಗುತ್ತಿದ್ದಾರೆಂದು ಅಪ್ಪ ಹೇಳಿದ್ದ. ಉಸ್ತಾದರು ಇಂಜಿನ್ ಸದ್ದಿನ ವಿಷಯ ಎತ್ತಲಿಲ್ಲ. ಹಳೆಯ ಪ್ರಶ್ನೆಯನ್ನೇ ಕೇಳಿದರು, “ಕಲ್ತೇನ್ ಬೇಟಿ?”

ಮಾಡಿದ ತಪ್ಪನ್ನೇ ಮತ್ತೆ ಮಾಡಬಾರದೆಂದು ನಾನು ಹಲ್ಲು ಕಚ್ಚಿ ನಿರ್ಧರಿಸಿದ್ದೆ. “ಹೂನ್ರಿ ಉಸ್ತಾದ್. ಎಲ್ಲಾ ಚಲೋ ಬರ್ತೈತಿ,” ಅಂದೆ.

ಆ ಕಡೆ ಯಾವುದೋ ಟ್ರ್ಯಾಕ್ಟರ್ ಕೆಮ್ಮುತ್ತಿತ್ತು. ಉಸ್ತಾದರು ಅದನ್ನು ಬಂದ್ ಮಾಡಿಸಿದರು.

“ಹಂಗಾರ ನಟ್ ತೊಳಿಯಾಕ ಕುಂದ್ರಿಸ್ಯಾರ ಅನ್ನು,” ಅಂದರು.

ನನ್ನ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ, ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ. ಅವರೇ ಮೆಲ್ಲಗೆ ಕೇಳಿದರು, “ಇರ್ಲಿ ಬಿಡು ಬೇಟಿ. ತೊಳಿಯೋದಾರ ಬರ್ತೈತೇನು?”

“ಎಲ್ಲಿ ಉಸ್ತಾದ್, ಇನ್ನೂ ಬರಂಗಿಲ್ಲ,” ಎಂದು ಬಾಯಿ ತಾನೇ ಹೇಳಿಬಿಟ್ಟಿತು.