ಸ್ವರ್ಗಸ್ಥರೆಲ್ಲ ಉಟ್ಟ ಸೀರೆ

ಸತ್ತವರು ಚೆನ್ನಾಗಿ ಕಾಣಬೇಕೆಂಬ ಆಸೆ ಉಳಿದವರಿಗೆ ಬಹಳ. ಬದುಕಿದ್ದಾಗ ಅಜ್ಜಿಯನ್ನು ಒಂದು ಸಲವೂ ನೆಟ್ಟಗೆ ಕೂರಿಸಿ ಫೋಟೊ ತೆಗೆಸದವರು, ಅವರು ಹೋದ ಮೂರನೆಯ ದಿನ ನನ್ನ ಅಂಗಡಿಗೆ ಬಂದು ಆಧಾರ್ ಕಾರ್ಡಿನ ಜೆರಾಕ್ಸ್ ಕೈಗಿಟ್ಟು, ಸ್ವಲ್ಪ ಲಕ್ಷಣವಾಗಿ ಕಾಣುವಂತೆ ಮಾಡಿಕೊಡಿ ಎನ್ನುತ್ತಾರೆ. ಚನ್ನಗಿರಿಯಲ್ಲಿ ನನ್ನದೊಂದು ಫ್ಲೆಕ್ಸ್ ವಿನ್ಯಾಸದ ಅಂಗಡಿ. ಮೊದಲು ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದು ಆ ಅನ್ನ ಕಿತ್ತುಕೊಂಡಾಗ, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತೆ. ಹುಟ್ಟುಹಬ್ಬ, ಚುನಾವಣೆ ಎಲ್ಲವೂ ಬರುತ್ತವೆ, ಆದರೆ ನೆಚ್ಚಿಕೊಳ್ಳಬಹುದಾದದ್ದು ಸಾವು ಮಾತ್ರ. ಇದನ್ನು ಹೇಳಲು ನನಗೇನೂ ಖುಷಿಯಿಲ್ಲ. ಬದುಕಿರುವವರು ಎದುರು ಬಂದು ನಿಂತರೂ, ಇವರ ಹಿಂದಿನ ಗೋಡೆ ಅಳಿಸುವುದು ಸುಲಭವೋ ಕಷ್ಟವೋ ಎಂದು ಯೋಚಿಸುವ ಕೆಟ್ಟ ಚಾಳಿ ನನಗೆ ಅಂಟಿಕೊಂಡಿದೆ.

ಆಧಾರ್ ಕಾರ್ಡಿನಲ್ಲಿ ಮುಖ ಸಿಗುತ್ತದೆ, ಮೈ ಸಿಗುವುದಿಲ್ಲ. ಗಂಡಸರಿಗೆಂದು ನನ್ನಲ್ಲಿ ಕೋಟು ತೊಟ್ಟ ಮೈಯೊಂದಿದೆ, ಶಲ್ಯ ಹೊದ್ದ ಮೈಯೊಂದಿದೆ. ಹೆಂಗಸರಿಗೆ ಇರುವುದು ಒಂದೇ: ಎದೆಮಟ್ಟದ ಫೋಟೊ, ಹಸಿರು ರೇಷ್ಮೆ ಸೀರೆ, ಕೆಂಪು ಅಂಚು. ಅದು ನನ್ನ ಹೆಂಡತಿ ಮಂಜುಳಳದು. ನಮ್ಮ ಗೃಹಪ್ರವೇಶದ ದಿನ ನಾನೇ ತೆಗೆದದ್ದು. ಯಾವುದೋ ಅವಸರದ ದಿನ ಬೇರೆ ಸಿಗದೆ ಅದನ್ನೇ ಬಳಸಿದೆ, ಆಮೇಲೆ ಅದೇ ರೂಢಿಯಾಯಿತು. ಹೀಗಾಗಿ ನಮ್ಮ ತಾಲೂಕಿನಲ್ಲಿ ತೀರಿಕೊಂಡ ಹೆಂಗಸರಲ್ಲಿ ಬಹಳ ಮಂದಿ ನನ್ನ ಹೆಂಡತಿಯ ಸೀರೆ ಉಟ್ಟುಕೊಂಡೇ ಹೋಗಿದ್ದಾರೆ. ಅವಳಿಗೆ ಮಾತ್ರ ಇದನ್ನು ಹೇಳಿರಲಿಲ್ಲ.

ಮೂಲ ಫೋಟೊದಿಂದ ಅವಳ ಮುಖವನ್ನು ಕತ್ತರಿಸಿ ತೆಗೆದುಬಿಡುವುದು ಸರಿಯಾದ ಕ್ರಮ. ಎರಡು ಸಲ ಕೈಹಾಕಿದೆ. ಕಟ್ಟಿಕೊಂಡ ಹೆಂಡತಿಯ ಕುತ್ತಿಗೆಯ ಸುತ್ತ ಕತ್ತರಿಯ ಗೆರೆ ಎಳೆಯಲು ಮನಸ್ಸು ಬರಲಿಲ್ಲ. ಅದಕ್ಕೇ ಅವಳ ಮುಖವನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಸತ್ತವರ ಮುಖ ಕೂರಿಸಿ ಮುಚ್ಚುತ್ತಿದ್ದೆ. ವಿಧವೆಯರಾದರೆ ಗುಲಾಬಿ ಹಾರವನ್ನು ದಪ್ಪಗೆ ಹಾಕಿ ತಾಳಿ ಮರೆಮಾಡಬೇಕು, ಹಣೆಗೆ ವಿಭೂತಿ ಎಳೆಯಬೇಕು. ಹಾರ, ವಿಭೂತಿ, ಮುಖ, ಮೈ ಎಲ್ಲವೂ ಒಂದರ ಮೇಲೊಂದು ಪೇರಿಸಿದ ಗಾಜಿನ ಹಾಳೆಗಳ ಹಾಗೆ ಬೇರೆ ಬೇರೆ ಇರುತ್ತವೆ. ಒಂದೊಂದು ಹಾಳೆಗೂ ಲೇಯರ್ ಎನ್ನುತ್ತಾರೆ.

ಮೊನ್ನೆ ಬಸವಾಪಟ್ಟಣದ ಹಾಲಮ್ಮನವರು ತೀರಿಕೊಂಡರೆಂದು ಅವರ ಮನೆಯವರು ಬಂದರು. ವಿಧವೆಯಾದ್ದರಿಂದ ಹಾರ, ವಿಭೂತಿ ಮೊದಲೇ ಹಾಕಿಕೊಂಡು, ಮುಖ ಕತ್ತರಿಸಿ ಕಾಪಿ ಮಾಡಿ ಪೇಸ್ಟ್ ಒತ್ತಿದೆ. ಮುಖ ಬರಲಿಲ್ಲ. ಮತ್ತೆ ಒತ್ತಿದೆ. ಏಳೆಂಟು ಸಲ ಒತ್ತಿದರೂ ಹಾಲಮ್ಮನ ಸುಳಿವಿಲ್ಲ, ಮಂಜುಳಾ ಮಾತ್ರ ನಗುತ್ತ ಕೂತಿದ್ದಾಳೆ. ಕಂಪ್ಯೂಟರಿಗೆ ಬೈದೆ, ಮೌಸನ್ನು ಮೇಜಿಗೆ ಕುಟ್ಟಿದೆ. ಕೊನೆಗೆ ಹೊನ್ನಾಳಿಯಲ್ಲಿ ಸ್ಟುಡಿಯೊ ಇಟ್ಟಿರುವ ಗೆಳೆಯ ರುದ್ರೇಶನಿಗೆ ಫೋನು ಮಾಡಿದೆ. ಪೇಸ್ಟ್ ಮಾಡುವ ಮೊದಲು ಯಾವ ಲೇಯರ್ ಮುಟ್ಟಿದ್ದೆ ಎಂದು ಕೇಳಿದ. ತಳದ ನೀಲಿ ಬಣ್ಣ ಸರಿಮಾಡಿದ್ದೆ ಎಂದೆ. "ಮತ್ತಿನ್ನೇನು, ಕೊನಿಗೆ ಯಾವ್ದನ್ನ ಮುಟ್ಟಿರ್ತಿಯೋ ಅದರ ಮ್ಯಾಲೇ ಬಂದು ಕುಂದ್ರತೈತೆ ಅದು. ಅಜ್ಜಿ ಮುಖ ಆ ಸೀರೆಯಾಕಿ ಹಿಂದೆ ಐತೆ ನೋಡು, ಮ್ಯಾಲಕ್ಕೆ ಎಳಿ" ಎಂದ. ನೋಡಿದರೆ ನಿಜ. ಮಂಜುಳಳ ಬೆನ್ನ ಹಿಂದೆ ಎಂಟು ಜನ ಹಾಲಮ್ಮಂದಿರು ಒಬ್ಬರ ಹಿಂದೊಬ್ಬರು ಕೂತಿದ್ದರು. ಏಳು ಜನರನ್ನು ಅಳಿಸಿ, ಒಬ್ಬರನ್ನು ಮೇಲೆ ತಂದೆ.

ಆಮೇಲೆ ನಾನು ಪಕ್ಕದಲ್ಲೊಂದು ದೀಪದ ಚಿತ್ರ ಇಟ್ಟೆ, ಮನೆಯವರು ಬೇಡ ಎಂದರು. ಮಾಡಿದ್ದನ್ನು ಒಂದೊಂದೇ ಹೆಜ್ಜೆ ರದ್ದು ಮಾಡುವ ಉಪಾಯವೊಂದಿದೆ. ಅದನ್ನು ಒತ್ತಿ ದೀಪ ತೆಗೆದೆ. ಒಂದು ಸಲ ಹೆಚ್ಚಿಗೆ ಒತ್ತಿದೆನೆಂದು ಕಾಣುತ್ತದೆ, ದೀಪದ ಜೊತೆಗೆ ಹಾಲಮ್ಮನೂ ಪುನಃ ಹಿಂದಕ್ಕೆ ಹೋದರು. ಅದನ್ನು ಯಾರೂ ನೋಡಲಿಲ್ಲ. ಮನೆಯವರ ಕಣ್ಣೆಲ್ಲ ಕೆಳಗಿನ ದುಃಖತಪ್ತರ ಪಟ್ಟಿಯ ಮೇಲೆ, ನನ್ನ ಕಣ್ಣೂ ಅಲ್ಲೇ. ಹೆಸರೊಂದು ಬಿಟ್ಟುಹೋದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಎರಡನೆಯ ಅಳಿಯನ ಹೆಸರು ಸೇರಿಸಿ, ಎಲ್ಲರೂ ತೃಪ್ತರಾದ ಮೇಲೆ ದಾವಣಗೆರೆಗೆ ಪ್ರಿಂಟಿಗೆ ಕಳಿಸಿದೆ. ಫ್ಲೆಕ್ಸ್ ಕಟ್ಟುವವರು ಮರುದಿನ ಅದನ್ನು ಬಸವಾಪಟ್ಟಣದ ಬಸ್ ನಿಲ್ದಾಣದ ಎದುರು ಕಟ್ಟಿ ಹೋದರು.

ಮೊದಲ ಫೋನು ಬಂದದ್ದು ಮಂಜುಳಳಿಗೆ, ಕತ್ತಲಗೆರೆಯಲ್ಲಿರುವ ಅವಳ ತಂಗಿಯಿಂದ. ಬಸ್ಸಿನ ಕಿಟಕಿಯಿಂದ ನೋಡಿದಳಂತೆ. "ಅಕ್ಕಾ, ನೀನೇನಾ ಮಾತಾಡ್ತಿರಾದು" ಎಂದು ಅತ್ತಳಂತೆ. ಅಕ್ಕ ಇದ್ದಾಳೆಂದು ನಂಬಿಕೆ ಬಂದ ಮೇಲೆ ಅವಳಿಗೆ ಇನ್ನೊಂದು ದಿಗಿಲು: ತಾಳಿಯಿಲ್ಲ, ಹಣೆ ತುಂಬ ವಿಭೂತಿ, ಹಾಗಾದರೆ ಭಾವ ಯಾವಾಗ ಹೋದರು ಎಂದು. ಆ ಫ್ಲೆಕ್ಸಿನ ಪ್ರಕಾರ ನಾನು ಹೆಂಡತಿಗಿಂತ ಮೊದಲೇ ತೀರಿಕೊಂಡಿದ್ದೆ.

ಮಂಜುಳಾ ಅಂಗಡಿಗೆ ಬಂದಳು. ಬೈದಿದ್ದರೆ ಚೆನ್ನಾಗಿತ್ತು, ಬೈಸಿಕೊಂಡು ನನಗೆ ಅಭ್ಯಾಸವಿದೆ. ಅವಳು ಗಿರಾಕಿಗಳ ಕುರ್ಚಿಯಲ್ಲಿ ಕೂತು, ಇನ್ನೂ ಯಾರ್ಯಾರಿಗೆ ಉಡಿಸಿದ್ದೀರಿ ತೋರಿಸಿ ಎಂದಳು. ಒಂದೊಂದಾಗಿ ತೆರೆದು ತೋರಿಸಿದೆ. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಾಕೆ ಬಂದರು, ಅವಳಿಗೆ ಹಪ್ಪಳ ಮಾಡಲು ಕಲಿಸಿದವರು ಬಂದರು, ಆಮೇಲೆ ಅವಳನ್ನು ಸಾಕಿದ ಚಿಕ್ಕಮ್ಮ ಬಂದರು. ಅಲ್ಲಿ ನಿಲ್ಲಿಸಿ ಎಂದಳು.

"ಚಿಕ್ಕಮ್ಮನ ಫೋಟಕ್ಕೆ ಹೂವು ಏರ್ಸುವಾಗ ಈ ಸೀರಿ ಎಲ್ಲೋ ನೋಡೀನಲ್ಲ ಅನ್ಸಿತ್ತು. ನನಗೆ ನಾನೇ ಹೂವು ಹಾಕಿ ಅತ್ತು ಬಂದೀನಲ್ರೀ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಗಾಬರಿಯಲ್ಲಿ ಕ್ಯಾಮೆರಾ ತೆಗೆದು, ಈಗಲೇ ನಿನ್ನದೊಂದು ಹೊಸ ಫೋಟೊ ತೆಗೆಯುತ್ತೇನೆ ಎಂದೆ. ಇಂಥ ಹೊತ್ತಿನಲ್ಲಿ ಆಡಬಾರದ ಮಾತನ್ನೇ ಹುಡುಕಿ ಆಡುವವನು ನಾನು. ಅವಳು ಕೈ ಅಡ್ಡ ಹಿಡಿದಳು.

"ಈಗ ತೆಗದ್ರೆ ಅದಕ್ಕೇ ತೆಗದಂಗೆ ಆಗತೈತೆ, ಬ್ಯಾಡ. ಇದೊಂದರಾಗೆ ಚೆನ್ನಾಗಿ ಬಂದೀನಿ. ಇನ್ನು ಯಾರಿಗೂ ಕೊಡಬ್ಯಾಡ್ರಿ. ನನಗೆ ಅಂತ ಇರ್ಲಿ."

ಇರಲಿ ಎಂದೆ. ಮಾರನೆಯ ಬೆಳಿಗ್ಗೆ, ಹಾಲಮ್ಮನವರ ಮನೆಯವರ ಕೈಕಾಲು ಹಿಡಿದು, ಹೊಸ ಫ್ಲೆಕ್ಸ್ ಹೊತ್ತು ಬಸವಾಪಟ್ಟಣಕ್ಕೆ ನಾನೇ ಹೋದೆ. ಹಳೆಯದನ್ನು ಬಿಚ್ಚುವ ಮೊದಲು ಸ್ವಲ್ಪ ಹೊತ್ತು ನೋಡಿದೆ. ಆಳೆತ್ತರದಲ್ಲಿ ಮಂಜುಳಾ ನಗುತ್ತಿದ್ದಳು. ಅವಳ ಮೈ, ಅವಳದೇ ಮುಖ. ನನ್ನ ಅಂಗಡಿಯಿಂದ ಹೊರಟ ಶ್ರದ್ಧಾಂಜಲಿಗಳಲ್ಲಿ ಮುಖವೂ ಮೈಯೂ ಒಬ್ಬರದೇ ಆಗಿದ್ದ ಹೆಂಗಸು ಅವಳೊಬ್ಬಳೇ. ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಹಿರಿಯರೊಬ್ಬರೂ ಅದನ್ನೇ ನೋಡುತ್ತಿದ್ದರು. ಇದನ್ನು ಮಾಡಿದವರು ನೀವೇನಾ ಎಂದು ಕೇಳಿದರು. ಹೌದೆಂದೆ.

"ಮೈಯೇನೋ ಎಲ್ಲಾರಿಗೂ ಹಾಕ್ತಾರಲ್ಲ, ಅದೇ ಐತೆ. ಮುಖ ಮಾತ್ರ ಸರಿಯಾಗಿ ಕುಂತಿಲ್ರೀ. ಯಾರ್ದೋ ತಂದು ಅಂಟ್ಸಿದಂಗೆ ಕಾಣ್ತೈತೆ."

ಅವಳು ನನ್ನ ಹೆಂಡತಿ, ಆ ಮುಖ ಹುಟ್ಟಿದಾಗಿನಿಂದ ಅಲ್ಲೇ ಇದೆ ಎಂದು ಹೇಳಬೇಕಿತ್ತು. ಹೌದು, ಸ್ವಲ್ಪ ಅವಸರದಲ್ಲಿ ಮಾಡಿದ್ದು ಎಂದು ಒಪ್ಪಿಕೊಂಡು, ಹಗ್ಗ ಬಿಚ್ಚತೊಡಗಿದೆ.