ಚಿಕ್ಕಮ್ಮನ ಮೂರು ತಲೆಮಾರು

ಮನುಷ್ಯರನ್ನು ಜಾತಿ, ಊರು, ಸಂಬಳ ನೋಡಿ ಅಳೆಯುವಷ್ಟು ಸಣ್ಣ ಮನಸ್ಸು ನನ್ನ ಚಿಕ್ಕಮ್ಮನದಲ್ಲ. ಅಮೆರಿಕದ ಕಂಟ್ರಿ ಹಾಡುಗಾರರಲ್ಲಿ ನೀವು ಯಾವ ತಲೆಮಾರಿನವರ ಕಡೆ ಎಂದಷ್ಟೇ ಕೇಳುತ್ತಾಳೆ. ಉತ್ತರ ತಪ್ಪಾದರೆ ಎರಡನೇ ಸಲ ಚಹಾ ಸಿಗುವುದಿಲ್ಲ, ಅಷ್ಟೇ!

ಧಾರವಾಡದಲ್ಲಿ ಹುಟ್ಟಿ, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಡಾಕ್ಟರಾಗಿ ದುಡಿದು, ಈಗ ಲಂಡನ್ನಿನ ಹ್ಯಾರೋದಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕಿಕೊಂಡಿರುವ ಹೆಂಗಸಿಗೆ ಕುದುರೆ, ಟೋಪಿ, ಗಿಟಾರಿನ ಈ ಸಂಗೀತ ಅಂಟಿದ್ದಾದರೂ ಹೇಗೆ? ನಾನೂ ಒಮ್ಮೆ ಕೇಳಿದ್ದೆ. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಇಲ್ಲಿಯವರ ಇಂಗ್ಲಿಷ್ ಅವಳ ಕಿವಿಗೆ ಹತ್ತುತ್ತಿರಲಿಲ್ಲವಂತೆ. ರೋಗಿಯೊಬ್ಬನ ತಂದೆ, ಲಾರಿ ಡ್ರೈವರ್, ಪ್ರೀತಿಯಿಂದ ಒಂದು ಕ್ಯಾಸೆಟ್ ಕೊಟ್ಟನಂತೆ.

"ಅದು ನೋಡಪಾ, ತಿಳೀತು. ಹೆಂಡ್ತಿ ಹೋದಳು, ನಾಯಿ ಸತ್ತಿತು, ಮಳಿ ಬಂತು. ಜೀವನಕ್ಕ ಇನ್ನೇನು ಇಂಗ್ಲಿಷ್ ಬೇಕು?"

ಅಂದಿನಿಂದ ಅವಳು ಸಂಶೋಧಕಿ. ಅವಳ ಸಿದ್ಧಾಂತ ಹೀಗೆ: ಮೊದಲ ತಲೆಮಾರಿನವರು ಧೂಳು ಕುಡಿದು ಬೆಳೆದು, ರೇಡಿಯೋದಲ್ಲಿ ಒಂದು ಹಾಡಿಗಾಗಿ ವರ್ಷಗಟ್ಟಲೆ ಬಾಗಿಲು ಕಾಯ್ದು ಹೆಸರಾದವರು. ಅವರ ಹಾಡಿನಲ್ಲಿ ಹೆಂಡತಿ ರೈಲು ಹತ್ತಿ ಹೋಗುತ್ತಾಳೆ. ಎರಡನೆಯವರು ಟೀವಿಯಿಂದ ಮೇಲೆ ಬಂದವರು. ಟೋಪಿ ದೊಡ್ಡದು, ದುಃಖ ಮಧ್ಯಮ ಗಾತ್ರದ್ದು. ಹೆಂಡತಿ ಹೋಗುವುದು ಗಂಡನದೇ ಟ್ರಕ್ಕಿನಲ್ಲಿ. ಮೂರನೆಯವರು ಫೋನಿನಲ್ಲಿ ಹಾಡಿ, ಹಲ್ಲುಜ್ಜಿ ಬರುವಷ್ಟರಲ್ಲಿ ಪ್ರಸಿದ್ಧರಾದವರು.

"ಇವರ ಹಾಡಿನ್ಯಾಗ ಹೆಂಡ್ತಿ ಎಲ್ಲೂ ಹೋಗಂಗಿಲ್ಲ," ಎನ್ನುತ್ತಾಳೆ ಚಿಕ್ಕಮ್ಮ. "ಬ್ಲಾಕ್ ಮಾಡ್ತಾಳ."

ಸಿದ್ಧಾಂತ ಮನೆಯೊಳಗೇ ಇದ್ದಿದ್ದರೆ ಚಿಂತೆ ಇರಲಿಲ್ಲ. ಒಂದು ಯುಗಾದಿಗೆ ನಮ್ಮ ಕನ್ನಡ ಬಳಗದವರು ಶಾಲೆಯ ಹಾಲ್‌ನಲ್ಲಿ ರಕ್ತದೊತ್ತಡದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಅವಳನ್ನು ಕರೆದರು. ಇಳಕಲ್ ಸೀರೆ, ಕೌಬಾಯ್ ಬೂಟು ತೊಟ್ಟು ವೇದಿಕೆ ಹತ್ತಿದಳು. (ಆ ಬೂಟಿನಿಂದಾಗಿ ದೇವಸ್ಥಾನದಲ್ಲಿ ಅವಳ ಪಾದರಕ್ಷೆ ಈವರೆಗೆ ಅದಲುಬದಲಾಗಿಲ್ಲ.) ಬಿಪಿ ಎಂಬ ಶಬ್ದವನ್ನು ಒಮ್ಮೆ ಉಚ್ಚರಿಸಿ, ಮೂರೂ ತಲೆಮಾರನ್ನು ಹಾಡಿನ ತುಣುಕುಗಳ ಸಮೇತ ಹೋಲಿಸತೊಡಗಿದಳು. ಹಿಂದೆ ಬಿಸಿಬೇಳೆ ಬಾತ್ ಆರುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಮೈಸೂರಿನ ಹಿರಿಯರೊಬ್ಬರು ಬಹಳ ವಿನಯದಿಂದ, ಇದಕ್ಕೂ ಬಿಪಿಗೂ ಏನು ಸಂಬಂಧ ಎಂದರು. ಮೊದಲ ತಲೆಮಾರು ಕೇಳಿದರೆ ಇಳಿಯುತ್ತದೆ, ಮೂರನೆಯದು ಕೇಳಿದರೆ ಏರುತ್ತದೆ ಎಂದು ಚಿಕ್ಕಮ್ಮ ಔಷಧ ಬರೆದುಕೊಡುವ ಧಾಟಿಯಲ್ಲಿ ಹೇಳಿದಳು. ಹಿರಿಯರದು ಆಗಲೇ ಏರಿತ್ತು.

ಇಂಥವಳ ಒಬ್ಬಳೇ ಮಗಳು, ಇಲ್ಲೇ ಹುಟ್ಟಿ ಬೆಳೆದ ಶಾಲ್ಮಲಾ. ಕಳೆದ ಚಳಿಗಾಲದಲ್ಲಿ ಅವಳು ಹತ್ತಿರದ ಪಿನ್ನರ್‌ನ ನಮ್ಮ ಮನೆಗೆ ಬಂದು, ತಾನು ರೋಶನ್ ಎಂಬ ಹುಡುಗನನ್ನು ಮದುವೆಯಾಗಲಿದ್ದೇನೆ ಎಂದಳು. ಹುಡುಗ ಹಲ್ಲಿನ ಡಾಕ್ಟರ್, ಗ್ರೀನ್‌ಫರ್ಡ್‌ನವನು, ಮನೆಯಲ್ಲಿ ಕೊಂಕಣಿ, ಮೂಲ ಉಡುಪಿ ಕಡೆಯ ಕ್ಯಾಥೋಲಿಕ್ ಕುಟುಂಬ. ಭಾನುವಾರ ಅವನನ್ನು ಅಮ್ಮನಿಗೆ ತೋರಿಸಬೇಕು, ನೀನೂ ಬಾ, ಅಮ್ಮ ಕೂಗಾಡಿದರೆ ಮಧ್ಯೆ ಕೂರಲು ಯಾರಾದರೂ ಬೇಕು ಎಂದಳು. ಅಣ್ಣನಾದವನಿಗೆ ಇದಕ್ಕಿಂತ ಗೌರವ ಉಂಟೇ?

ಭಾನುವಾರ ಹೋದೆ. ಚಿಕ್ಕಪ್ಪ ಸರ್ವಧರ್ಮ ಸಮನ್ವಯದ ಮೇಲೆ ಬಸವಣ್ಣನಿಂದ ಶುರುಮಾಡಿ ಒಂದು ಭಾಷಣ ಸಿದ್ಧಪಡಿಸಿಕೊಂಡು, ತುಟಿ ಅಲ್ಲಾಡಿಸುತ್ತಾ ಸೋಫಾದ ತುದಿಯಲ್ಲಿ ಕೂತಿದ್ದರು. ಚಿಕ್ಕಮ್ಮ ಚುರುಮುರಿ ತಂದಿಟ್ಟಳು. ಹುಡುಗನ ಧರ್ಮ ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕೇಳಿದ್ದು ಅದೇ ಪ್ರಶ್ನೆ.

ರೋಶನ್‌ನ ಮುಖ ಅರಳಿತು. ಅವನ ಮನೆಯಲ್ಲಿ ತಂದೆಯೂ ಚರ್ಚಿನ ಗೆಳೆಯರೂ ಗಿಟಾರು ಹಿಡಿದು ಹಾಡುವುದು ಇದನ್ನೇ ಅಂತೆ! ಚಿಕ್ಕಮ್ಮನ ಕಣ್ಣು ಹೊಳೆಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಅಂದೇ ತಾಂಬೂಲ ಬದಲಾಗುತ್ತಿತ್ತು.

"ಡ್ಯಾಡಿಗೆ ಹಳಬರು ಆಂಟಿ. ನನಗೆ ಈಗಿನವರೇ ಇಷ್ಟ," ಎಂದುಬಿಟ್ಟ.

ಶಾಲ್ಮಲಾ ಅವನ ಕಾಲು ತುಳಿದಳು, ತಡವಾಗಿತ್ತು. ಚಿಕ್ಕಮ್ಮ ಚಹಾದ ಕೆಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಈಗಿನವರಿಗೆ ಏನು ದುಃಖ ಗೊತ್ತು, ಸೆಂಟ್ರಲ್ ಹೀಟಿಂಗಿನ ಬಿಸುಪಿನಲ್ಲಿ ಬೆಳೆದವರು ಯಾವ ಊರು ಬಿಟ್ಟರು, ಯಾರನ್ನು ಕಳಕೊಂಡರು ಎಂದು ವಿಚಾರಣೆ ನಡೆಸಿದಳು. ಚಿಕ್ಕಪ್ಪನ ಭಾಷಣ ಬಸವಣ್ಣನಲ್ಲೇ ನಿಂತಿತು.

ರೋಶನ್ ವಾದಿಸಲಿಲ್ಲ. ಫೋನು ತೆಗೆದು ಒಂದು ಹಾಡು ಹಚ್ಚಿದ. ಎಳೆಯ ಹುಡುಗಿಯ ಧ್ವನಿ. ಗಣಿ ಮುಚ್ಚಿದ ಊರೊಂದನ್ನು ಅವಳ ತಾಯಿ ತಂದೆ ಬಿಟ್ಟುಬಂದಿದ್ದಾರೆ. ಆ ಊರಿನ ಬೀದಿಗಳ ಹೆಸರನ್ನು ಅವಳು ಹಾಡುತ್ತಾಳೆ. ಧ್ವನಿ ಛಲೋ ಇದೆ ಎಂದು ಚಿಕ್ಕಮ್ಮ ಒಪ್ಪಿಕೊಂಡಳು. ಆದರೆ ಊರು ಬಿಟ್ಟ ಸಂಕಟ ತಾಯಿಯದು, ಇವಳದೇನು ಎಂದಳು.

"ಹೌದು ಆಂಟಿ, ಅವಳು ಅಲ್ಲಿ ಒಂದು ದಿನವೂ ಇರ್ಲಿಲ್ಲ," ಎಂದ ರೋಶನ್. "ಅಮ್ಮ ಫೋನಲ್ಲಿ ಮಾತಾಡುವಾಗ ಕೇಳಿದ ಹೆಸರುಗಳು ಮಾತ್ರ. ನೋಡದ ಊರು ನೆನಪಾಗ್ತದಲ್ಲ, ಅದನ್ನು ಯಾರ ಹತ್ರ ಹೇಳುವುದು? ಹಳಬರ ಹಾಡಲ್ಲಿ ಅದಿಲ್ಲ."

ಚಿಕ್ಕಮ್ಮ ತಿರುಗಿ ಮಗಳನ್ನು ನೋಡಿದಳು. ಶಾಲ್ಮಲಾ ಚುರುಮುರಿಯಲ್ಲಿದ್ದ ಶೇಂಗಾ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು, ತಲೆ ಎತ್ತಲಿಲ್ಲ.

"ನಿನಗೂ ಹಿಂಗ ಅನಸ್ತದೇನ?"

"ಸಮ್‌ಟೈಮ್ಸ್, ಅಮ್ಮ." ಇನ್ನೊಂದು ಶೇಂಗಾ ಅಂಚಿಗಿಟ್ಟು, "ಕ್ವೈಟ್ ಅ ಲಾಟ್, ಆಕ್ಚುಲಿ," ಎಂದಳು.

"ನನಗ ಯಾಕ ಹೇಳಲಿಲ್ಲ?"

ಶಾಲ್ಮಲಾ ತಟ್ಟೆಯನ್ನು ಕೆಳಗಿಟ್ಟಳು. ಚಿಕ್ಕಮ್ಮ ಸೋಫಾದಲ್ಲಿ ಒಂದಿಷ್ಟು ಆಚೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಮೂವತ್ತು ದಾಟಿದ ಮಗಳು ಎದ್ದು ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಹಾಡನ್ನು ಮೊದಲಿನಿಂದ ಹಚ್ಚುವಂತೆ ರೋಶನ್‌ಗೆ ಸನ್ನೆಯಾಯಿತು. ಮಧ್ಯೆ ಕೂರಲು ಬಂದಿದ್ದ ನನಗೆ ಅಲ್ಲಿ ಯಾವ ಕೆಲಸವೂ ಉಳಿದಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಹಾಡು ಮುಗಿದ ಮೇಲೂ ಚಿಕ್ಕಮ್ಮ ಮಗಳ ಕೂದಲಿನಿಂದ ಕೈ ತೆಗೆಯಲಿಲ್ಲ.

"ಅಲ್ಲಪಾ," ಎಂದಳು ರೋಶನ್‌ಗೆ, "ನಿಮ್ಮ ಅವ್ವ ಅಪ್ಪನ್ನ ಯಾವಾಗ ಕರಕೊಂಡು ಬರ್ತಿ?"