ಸಮುದ್ರಕ್ಕ ನೀರು ಬಿಟ್ಟಾರ್ರೀ!

ಕಣ್ಣಾರೆ ನೋಡದ ವಸ್ತುವಿನ ಬಗ್ಗೆ ಪಾಠ ಮಾಡುವಷ್ಟು ಸುಖ ಇನ್ನೊಂದಿಲ್ಲ. ನೋಡಿಬಿಟ್ಟರೆ ಅನುಮಾನ ಶುರುವಾಗುತ್ತದೆ, ಮಾತು ತಡವರಿಸುತ್ತದೆ. ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ಮಾಸ್ತರ. ಸಮುದ್ರದ ಉಬ್ಬರ ಇಳಿತದ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಭೂಮಿಯನ್ನು ಸಾಲಾಗಿ ನಿಲ್ಲಿಸಿ, ಚಂದ್ರ ಎಳೆದ ಕಡೆ ನೀರು ಉಬ್ಬುವುದನ್ನು ನೀಲಿ ಸೀಮೆಸುಣ್ಣದಲ್ಲಿ ತೋರಿಸಿ, ಕೈ ಒರೆಸಿಕೊಳ್ಳುತ್ತ ಈಗ ತಾನೇ ಸಮುದ್ರದಿಂದ ಎದ್ದು ಬಂದವನ ಹಾಗೆ ನಿಲ್ಲುತ್ತಿದ್ದೆ. ‘ನೀವು ಸಮುದ್ರ ನೋಡೀರೇನ್ರಿ ಸರ್’ ಎಂದು ಯಾವ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ನೋಡಿದ್ದೇನೆ ಎಂದೇ ಹೇಳುತ್ತಿದ್ದೆ.

ಮಗಳು ಸುಜಾತಾ ಕಾರವಾರದ ಕಡೆಯ ಕಾಲೇಜು ಸೇರಿದ ಮೇಲೆ ಸಮುದ್ರ ಫೋನಿನ ಮೂಲಕ ನಮ್ಮ ಮನೆಯೊಳಗೇ ಬಂತು. “ಐತವಾರ ಬಂತಂದ್ರ ಹಾಸ್ಟೆಲ್‌ನ್ಯಾಗ ಯಾರೂ ಇರಂಗಿಲ್ಲ ಯಪ್ಪಾ. ಕೆಲವ್ರು ಉಸುಕಿನ್ಯಾಗ ವಾಲಿಬಾಲ್ ಆಡ್ತಾರ, ಕೆಲವ್ರು ದ್ವೀಪಕ್ಕ ಹೋಗ್ತಾರ, ಗುಡ್ಡ ಹತ್ತತಾರ. ಹಲಗಿ ಮ್ಯಾಲ ನಿಂತು ತೆರಿ ಮ್ಯಾಲ ಜಾರ್ತಾರ ನೋಡು!” ಎನ್ನುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಾನು ರಾಯಚೂರಿನಲ್ಲಿ ಓದುವಾಗ ಹೊರಗಿನ ವಿಹಾರವೆಂದರೆ ಕೋಟೆಯ ಗುಡ್ಡ ಹತ್ತುವುದು, ಬಂಡೆ ಕಾದಿದೆ ಎಂದು ಇಳಿಯುವುದು, ಇಳಿದವರು ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನುವುದು. ಬೇಸಿಗೆಯಲ್ಲಿ ಆ ವಿಹಾರವೂ ಕೋಣೆಯ ಫ್ಯಾನಿನ ಕೆಳಗೇ ನಡೆಯುತ್ತಿತ್ತು. ಫ್ಯಾನಿನ ನೇರ ಕೆಳಗಿನ ಜಾಗಕ್ಕಾಗಿ ನಡೆಯುತ್ತಿದ್ದ ಹೋರಾಟವೇ ನಮ್ಮ ಕ್ರೀಡೆ.

ಹೀಗಿರುವಾಗ ಒಂದು ದಿನ ಅವಳು, ಕಾಲೇಜಿನ ಕಯಾಕ್ ತಂಡಕ್ಕೆ ಸೇರುತ್ತೇನೆಂದಳು. ಕಯಾಕ್ ಎಂದರೆ ಒಬ್ಬರೇ ಕುಳಿತು ಹುಟ್ಟು ಹಾಕುವ ಸಣ್ಣ ದೋಣಿ. ಫೋಟೋ ಕಳಿಸಿದ್ದಳು, ಎಣ್ಣೆಗಾಯಿ ಮಾಡಲು ಬೆಂಡೆಕಾಯಿ ಸೀಳಿ, ಮಸಾಲೆಯ ಬದಲು ನನ್ನ ಮಗಳನ್ನು ತುಂಬಿದ ಹಾಗಿತ್ತು. “ಮನ್ಯಾಗ ಹ್ಞೂಂ ಅಂದ್ರಷ್ಟ ತಂಡಕ್ಕ ತಗೋತೀನಿ ಅಂದಾರ ಕೋಚ್ ಮೇಡಂ. ನೀ ಬ್ಯಾಡ ಅಂದ್ರ ಮುಗೀತು ಯಪ್ಪಾ” ಎನ್ನುವಾಗ ಅವಳ ದನಿ ಸಣ್ಣದಾಯಿತು. ನನ್ನ ಹೆಂಡತಿ ರೇಣುಕಾ ಪಕ್ಕದಲ್ಲೇ ಇದ್ದಳು. “ಆಕಿನ್ನ ಓದಾಕ ಕಳ್ಸೀವೋ, ಮೀನ ಹಿಡ್ಯಾಕ ಕಳ್ಸೀವೋ? ನೀವ ಹೋಗಿ ಬ್ಯಾಡ ಅಂತ ಹೇಳಿ ಬರ್ರಿ” ಎಂದಳು. ನಾನು ಗಂಭೀರವಾಗಿ, “ನೋಡಿ ಹೇಳ್ತೀನಿ. ನೀರಿನ ವಿಚಾರ ನನಗ ಬಿಡು” ಎಂದೆ.

ಈ ಜಂಬಕ್ಕೆ ಆಧಾರವಿತ್ತು. ನಾನು ಹುಟ್ಟಿದ್ದು ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತವನು. ನಮ್ಮೂರಲ್ಲಿ ಹೊಳೆಯ ನೀರು ಏರಿತೆಂದರೆ ಅದಕ್ಕೆ ಒಂದೇ ಅರ್ಥ: ಮೇಲೆ ಡ್ಯಾಮಿನ ಗೇಟು ತೆಗೆದಿದ್ದಾರೆ. ಅದಕ್ಕೇ ದಂಡೆಯಲ್ಲಿ ಕೂರುವವರು ಮೊದಲು ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತಾರೆ. ನೀರು ಕಡ್ಡಿ ದಾಟಿತೋ, ಬಟ್ಟೆ ಒಗೆಯುವವರು ಬಟ್ಟೆ ಬಾಚಿಕೊಂಡು, ದನ ಕಾಯುವವರು ದನ ಎಬ್ಬಿಸಿಕೊಂಡು, ಕೂಗುತ್ತ ಮೇಲೆ ಓಡಬೇಕು. ಕೂಗುವುದು ಮುಖ್ಯ. ಸುಮ್ಮನೆ ತಾನೊಬ್ಬನೇ ಓಡಿದವನನ್ನು ಅವನು ಸಾಯುವವರೆಗೂ ಊರು ಆಡಿಕೊಳ್ಳುತ್ತದೆ.

ಕಾರವಾರದ ದಂಡೆಗೆ ಮಗಳು ಕರೆದುಕೊಂಡು ಹೋದಾಗ ಮೊದಲ ಸಲ ಸಮುದ್ರ ನೋಡಿದೆ. ನಾನು ಬೋರ್ಡಿನ ಮೇಲೆ ಇಷ್ಟು ದೊಡ್ಡದಾಗಿ ಬರೆದಿರಲಿಲ್ಲ. ಕೋಚ್ ಮೇಡಂ ನಮಸ್ಕಾರ ಹೇಳಿ, “ನೀವು ಕೂತು ನೋಡಿ ಸರ್, ಆಮೇಲೆ ಹೇಳಿ” ಎಂದರು. ಸುಜಾತಾ ಗೆಳತಿಯರೊಂದಿಗೆ ದೋಣಿ ನೂಕಿಕೊಂಡು ಹೋದಳು. ನಾನು ಚಪ್ಪಲಿ ಕಳಚಿಟ್ಟು ಕುಳಿತೆ. ಕೈ ಸುಮ್ಮನಿರಬೇಕಲ್ಲ, ಅಭ್ಯಾಸಬಲ. ಅಲ್ಲೇ ಬಿದ್ದಿದ್ದ ಕಡ್ಡಿಯೊಂದನ್ನು ತೆರೆ ಮುಟ್ಟುವ ಅಂಚಿಗೆ ನೆಟ್ಟೆ. ದೂರದಲ್ಲಿ ಮಗಳು ಚುಕ್ಕಿಯಷ್ಟಾದಳು. ಅವಳನ್ನೇ ನೋಡುತ್ತ ಬಹಳ ಹೊತ್ತು ಮೈಮರೆತೆ. ಕಾಲಿಗೆ ತಣ್ಣಗಾಯಿತು. ಬಗ್ಗಿ ನೋಡಿದರೆ ಕಡ್ಡಿ ಕಾಣಲಿಲ್ಲ, ಚಪ್ಪಲಿಗಳಲ್ಲಿ ಒಂದೇ ಉಳಿದಿತ್ತು.

ಆಮೇಲೆ ನಡೆದದ್ದರಲ್ಲಿ ನನ್ನ ತಲೆಯ ಪಾಲಿಲ್ಲ, ಎಲ್ಲ ಕಾಲು ಮತ್ತು ಗಂಟಲಿನದೇ. “ನೀರು ಬಿಟ್ಟಾರ್ರೀ! ಗೇಟ್ ತಗದಾರ! ಮ್ಯಾಲ ಓಡ್ರೀ!” ಎಂದು ಕೂಗುತ್ತ ದಂಡೆಯುದ್ದಕ್ಕೂ ಓಡಿದೆ. ವಾಲಿಬಾಲ್ ಆಡುತ್ತಿದ್ದವರು ಚೆಂಡು ಬಿಟ್ಟು ಓಡಿದರು. ಚಾಪೆ ಹಾಸಿಕೊಂಡು ಅವಲಕ್ಕಿ ತಿನ್ನುತ್ತಿದ್ದ ಸಂಸಾರವೊಂದು ಚಾಪೆಯ ನಾಲ್ಕು ಮೂಲೆ ಹಿಡಿದು, ಅವಲಕ್ಕಿ ಸಮೇತ, ರಸ್ತೆಗೆ ಹತ್ತಿತು. ಕಾರಣ ಯಾರಿಗೂ ತಿಳಿದಿರಲಿಲ್ಲ. ನನ್ನ ಮುಖ ನೋಡಿದರೆ ಕಾರಣ ಬೇಕಿರಲಿಲ್ಲ. ನಾನು ಮಾತ್ರ ಮೇಲೆ ಹತ್ತದೆ ಮೊಣಕಾಲು ನೀರಿನಲ್ಲಿ ನಿಂತು “ಸುಜೀ! ಬಾರಬೇ ಯವ್ವಾ!” ಎಂದು ಒಂದೇ ಸಮನೆ ಅರಚುತ್ತಿದ್ದೆ.

ಅವಳು ಬಂದಳು. ಬಂದ ರಭಸಕ್ಕೆ ದೋಣಿ ಅರ್ಧ ಮರಳಿನ ಮೇಲೇ ಹತ್ತಿತು. “ಏನಾತು ಯಪ್ಪಾ? ಎದಿ ನೋವೇನು?” ಎಂದು ನನ್ನ ಎರಡೂ ಭುಜ ಹಿಡಿದಳು.

“ಡ್ಯಾಮಿನ ನೀರು ಬರಾಕತ್ತದ!” ಎಂದೆ.

“ಯಾವ ಡ್ಯಾಮ್?”

ನಾನು ತಿರುಗಿ ಸಮುದ್ರ ನೋಡಿದೆ. ಅದರಾಚೆ ಡ್ಯಾಮ್ ಕಟ್ಟುವ ಜಾಗ ನನ್ನ ಯಾವ ನಕಾಶೆಯಲ್ಲೂ ಇರಲಿಲ್ಲ.

“ಇದು ಉಬ್ಬರ ಅದ ಯಪ್ಪಾ. ನನಗ ಇದನ್ನ ಕಲಿಸಿದಾವ ಯಾರು?”

“ನಾನ,” ಎಂದೆ.

ಅವಳು ನಕ್ಕಳು, ಗೆಳತಿಯರು ನಕ್ಕರು, ಅವಲಕ್ಕಿಯ ಸಂಸಾರ ಮಾತ್ರ ನಗಲಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಮರ್ಯಾದೆ ಉಳಿಸಿಕೊಳ್ಳಲು ‘ಕಯಾಕೂ ಬ್ಯಾಡ, ಗಿಯಾಕೂ ಬ್ಯಾಡ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೋಚ್ ಮೇಡಂ ಓಡಿ ಬಂದರು. “ಇವಳು ಇಷ್ಟು ಜೋರಾಗಿ ಯಾವತ್ತೂ ಹುಟ್ಟು ಹಾಕಿದ್ದಿಲ್ಲ ಸರ್. ಅಪ್ಪನಿಗೆ ಎಂತದೋ ಆಯ್ತು ಅಂತ ಆ ತೆರೆಯಲ್ಲಿ ಸೀದಾ ಬಂದಳಲ್ಲ!” ಎಂದರು. ಮಗಳ ಅಂಗೈ ನೋಡಿದೆ. ಹುಟ್ಟು ಹಿಡಿದ ಜಾಗ ಕೆಂಪಗಾಗಿತ್ತು. ನಾನು ಅವಳನ್ನು ನೀರಿನಿಂದ ಉಳಿಸಲು ಕೂಗಿದ್ದೆ, ಅವಳು ನನ್ನನ್ನು ಉಳಿಸಲು ಬಂದಿದ್ದಳು. ಬೇಡ ಎನ್ನಲು ನನ್ನ ಕೈಲಾಗಲಿಲ್ಲ. “ಹ್ಞೂಂ, ಸೇರು” ಎಂದೆ. ಒಪ್ಪಿದ ಮೇಲೂ ಅಪ್ಪನ ಠೀವಿ ಬಿಡಬಾರದಲ್ಲ, ಒಂದು ಷರತ್ತು ಹಾಕಿದೆ: “ಆದ್ರ ಲೈಫ್ ಜಾಕೆಟ್ ಇಲ್ದ ದಂಡಿಗೂ ಬರಬಾರ್ದು. ಯಾರ ಆಗ್ಲಿ.”

“ಯಾರ ಆಗ್ಲಿ,” ಎಂದು ಅವಳು ತಕ್ಷಣ ಒಪ್ಪಿದಳು.

ಮಧ್ಯಾಹ್ನದ ಅಭ್ಯಾಸಕ್ಕೆ ಅವಳು ಎರಡು ಜಾಕೆಟ್ ತಂದಳು. ಒಂದನ್ನು ತಾನು ತೊಟ್ಟು, ಇನ್ನೊಂದನ್ನು ನನಗೆ ತೊಡಿಸಿ, ಪಟ್ಟಿ ಬಿಗಿದು, ನೀರಿನಿಂದ ಬಹು ದೂರ, ಒಣ ಮರಳಿನ ಮೇಲೆ ಕೂರಿಸಿ ಹೋದಳು. ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ, ಒಂದೇ ಚಪ್ಪಲಿ ಪಕ್ಕಕ್ಕಿಟ್ಟುಕೊಂಡು ಕೂತವನನ್ನು ಹೋಗುವವರು ಬರುವವರು ನೋಡುತ್ತಿದ್ದರು. ಆಗಲೇ ರೇಣುಕಾಳ ವೀಡಿಯೊ ಕಾಲ್ ಬಂತು. ನನ್ನನ್ನು ಕಂಡವಳೇ ಕಣ್ಣರಳಿಸಿ, “ಯವ್ವಾ! ನೀವೂ ಸಮುದ್ರಕ್ಕ ಇಳಿಯಾಕತ್ತೀರೇನ್ರಿ?” ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದಿಲ್ಲ. ಒಣ ಮರಳು ಕಾಣದಂತೆ ಫೋನನ್ನು ತುಸು ಮೇಲೆತ್ತಿ, “ಹ್ಞೂಂ, ಈಗ ಹೊಂಟೀನಿ ನೋಡು” ಎಂದೆ.